ಮೂರು ಮಂದಿ ಸುಮ್ಮನಾದ ಮೇಲೆ

ಅವರ ಹೆಂಡತಿ ಇರುವತನಕ ಇದನ್ನು ಬರೆಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಹೋದ ತಿಂಗಳು ಮುರಗೋಡದಿಂದ ಬಂದ ಪರಿಚಯದವರೊಬ್ಬರು ಮಾತಿನ ನಡುವೆ ಆ ತಾಯಿ ತೀರಿಕೊಂಡ ಸುದ್ದಿ ಹೇಳಿದರು. ಕೊನೆಯತನಕ ತಮ್ಮ ನೀರು ತಾವೇ ಸೇದಿಕೊಳ್ಳುತ್ತಿದ್ದರಂತೆ, ಯಾರಿಂದಲೂ ಏನೂ ಮಾಡಿಸಿಕೊಳ್ಳಲಿಲ್ಲವಂತೆ. ಹಾಗೆಯೇ ಇದ್ದವರು ಅವರು.

ಇನ್ನು ಬರೆಯಬಹುದು. ಆದರೂ ಹೆಸರು ಬೇಡ. ಒಬ್ಬ ಮಗಳಿದ್ದಾಳೆ, ಅವಳಿಗೆ ಮಕ್ಕಳಿದ್ದಾರೆ. ಅಲ್ಲದೆ ಆ ದಿನಗಳಲ್ಲಿಯೂ ಅವರ ಹೆಸರು ಗೊತ್ತಿದ್ದವರು ಕಡಿಮೆ. ಸಿಡುಬಿಗೆ ನಮ್ಮ ಕಡೆ ದೇವಿ ಎನ್ನುತ್ತಾರೆ. ಅದು ಬಾರದಂತೆ ತೋಳಿಗೆ ಲಸಿಕೆ ಚುಚ್ಚುವುದೆಂದರೆ ದೇವಿ ಹಾಕುವುದು. ಊರೂರು ತಿರುಗಿ ಆ ಕೆಲಸ ಮಾಡುತ್ತಿದ್ದ ಅವರನ್ನು ಜನ "ದೇವಿ ಹಾಕವ್ರು" ಎಂದೇ ಕರೆದರು. ನಾನು ಅದೇ ದವಾಖಾನೆಯ ಕಂಪೌಂಡರ್. ಸವದತ್ತಿ ತಾಲೂಕಿನ ಒಂದು ದೊಡ್ಡ ಹಳ್ಳಿ. ಎರಡು ಕೋಣೆ, ಒಂದು ಪಡಸಾಲೆ, ಒಬ್ಬ ಡಾಕ್ಟರು, ಒಬ್ಬ ನಾನು. ಸ್ವಾತಂತ್ರ್ಯ ಬಂದ ಮರುವರ್ಷ ಅವರು ನಮ್ಮಲ್ಲಿಗೆ ವರ್ಗವಾಗಿ ಬಂದರು.

ಮುರಗೋಡದ ವೈದಿಕ ಮನೆತನದವರು. ಅಜ್ಜ ಪುರಾಣ ಹೇಳುತ್ತಿದ್ದವರು, ತಂದೆ ಪಂಚಾಂಗ ನೋಡುತ್ತಿದ್ದವರು. ಇವರು ಮಾತ್ರ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿಸಿ ಖಾಕಿ ಕೋಟು ತೊಟ್ಟು ಸರಕಾರಿ ಸೈಕಲ್ ಹತ್ತಿದ್ದರು. ತೆಳ್ಳನೆಯ ಮೈ, ಬಾಗಿದ ಭುಜ. ಆದರೆ ಅವರ ಕೈಗಳನ್ನು ನೋಡಬೇಕಿತ್ತು. ನಾನು ಮೂವತ್ತು ವರ್ಷ ಡಾಕ್ಟರುಗಳ ನಡುವೆ ಕಳೆದವನು. ಅಂಥ ಹಗುರಾದ ಕೈ ಮತ್ತೆ ಕಂಡಿಲ್ಲ.

ಲಸಿಕೆ ಬೆಳಗಾವಿಯಿಂದ ಟಪಾಲಿನಲ್ಲಿ ಸಣ್ಣ ಸಣ್ಣ ಗಾಜಿನ ನಳಿಗೆಗಳಲ್ಲಿ ಬರುತ್ತಿತ್ತು. ಬಿಸಿಲು ತಾಕಿದರೆ ಕೆಡುತ್ತಿತ್ತು. ಅವರು ಅವನ್ನು ಒಂದು ತಂಬಿಗೆಯಲ್ಲಿಟ್ಟು, ಸುತ್ತ ಹಸಿ ಬಟ್ಟೆ ಕಟ್ಟಿ, ದಾರಿಯಲ್ಲಿ ಬಾವಿ ಕಂಡಲ್ಲೆಲ್ಲ ಇಳಿದು ಬಟ್ಟೆ ತೋಯಿಸಿಕೊಂಡು ಹೋಗುತ್ತಿದ್ದರು. ಹಳ್ಳಿಯಲ್ಲಿ ಗುಡಿಯ ಕಟ್ಟೆಯ ಮೇಲೆ ಕುಳಿತರೆ ಬಿಸಿಲಿಗೆ ತಮ್ಮ ಬೆನ್ನು ಕೊಟ್ಟು, ತಮ್ಮ ನೆರಳು ಕೂಸಿನ ತೋಳಿನ ಮೇಲೆ ಬೀಳುವ ಹಾಗೆ ಕುಳಿತುಕೊಳ್ಳುತ್ತಿದ್ದರು. ಚುಚ್ಚಿದ ಮೇಲೆ ಆ ಜಾಗ ಒಣಗುವತನಕ ಮೆಲ್ಲಗೆ ಊದುವುದು. ಅಷ್ಟು ಹೊತ್ತೂ ಕೂಸಿನ ಜೊತೆ ಮಾತು. ನೂರು ಕೂಸು ಇದ್ದರೆ ನೂರು ಸಲ.

ಹೆಂಗಸರು ಹೆದರುತ್ತಿದ್ದರು. ದೇವಿಯನ್ನು ಕೆಣಕಿದಂತಾಗುತ್ತದೆ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು, ಮಕ್ಕಳನ್ನು ಕಾಳಿನ ಚೀಲಗಳ ಹಿಂದೆ, ಜೋಳದ ಕಣಕಿಯ ಬಣವೆಯ ಹಿಂದೆ ಬಚ್ಚಿಡುತ್ತಿದ್ದರು. ಬೇರೆಯವರಾದರೆ ಗೌಡರನ್ನು ಕರೆಸಿ ಗದರಿಸುತ್ತಿದ್ದರು. ಇವರು ಹೊಸ್ತಿಲ ಹೊರಗೆ ನಿಂತು, "ತಾಯಿ, ನಿಮ್ಮ ಹೆದರಿಕಿ ಸುಳ್ಳಂತ ನಾ ಅನ್ನಂಗಿಲ್ಲ. ಮೊದಲ ನನಗ ಹಾಕ್ಕೋತೇನಿ, ನೋಡ್ರಿ" ಎಂದು ಅಂಗಿಯ ತೋಳು ಮಡಚಿ ತಮಗೇ ಚುಚ್ಚಿಕೊಳ್ಳುವರು. ಅವರ ಎಡತೋಳಿನ ತುಂಬ ಅಂಥ ಗೀರುಗಳು. ಚಚಡಿ ಕಡೆಯ ಒಂದು ದೊಡ್ಡ ಮನೆಯಲ್ಲಿ ಅಜ್ಜಿಯೊಬ್ಬಳು ಅವನ್ನು ನೋಡಿ, "ಅಯ್ಯ, ನನ್ನ ಮೊಮ್ಮಗನ ಸಲುವಾಗಿ ನೀ ಎಷ್ಟ ಚುಚ್ಚಿಕೊಂಡಿಯೋ ತಮ್ಮಾ" ಎಂದು ಅತ್ತುಬಿಟ್ಟಿದ್ದಳಂತೆ. ಆ ಮನೆಯ ಏಳೂ ಮಕ್ಕಳಿಗೆ ಅಂದು ದೇವಿ ಹಾಕಿಸಿದಳು.

ರಾಮದುರ್ಗ ಸಂಸ್ಥಾನ ವಿಲೀನವಾದ ಹೊಸತರಲ್ಲಿ ಆ ಭಾಗದ ಊರುಗಳಿಗೆ ದೇವಿ ಹಾಕಲು ಮಂದಿ ಸಾಲದೆ ನಮ್ಮಿಬ್ಬರನ್ನೂ ಸುರೇಬಾನದ ಕಡೆಗೆ ಕಳಿಸಿದ್ದರು. ಮಧ್ಯಾಹ್ನ ಒಂದು ಹೊಲದ ಬಾವಿಯ ಹತ್ತಿರ ಬುತ್ತಿ ಬಿಚ್ಚಿದ್ದೆವು. ಅವರು ನೀರು ಕುಡಿದು, ಬಾಯಿ ಒರೆಸಿಕೊಂಡು, ಸ್ವಲ್ಪ ಹೊತ್ತು ಕಿವಿಗೊಟ್ಟು ಕುಳಿತರು.

"ಕಂಪೌಂಡರ, ನಿಮಗ ಏನರ ಕೇಳಸ್ತದೇನು?"

"ಏನ್ರಿ? ಯಾರೂ ಇಲ್ಲಲ್ರಿ."

"ಹೌದು, ಯಾರೂ ಇಲ್ಲ. ಅದು ನನಗೂ ಗೊತ್ತದ." ಆಮೇಲೆ, ನೆಲ ನೋಡುತ್ತ, ಬಹಳ ದಿನದಿಂದ ಯಾರಿಗಾದರೂ ಹೇಳಬೇಕೆಂದಿದ್ದವರ ಹಾಗೆ ಹೇಳಿದರು. "ಮೂರ ಮಂದಿ ಇದ್ದಾರ್ರಿ. ಇಬ್ಬರು ಗಂಡಸರು, ಒಬ್ಬಾಕಿ ಮುದುಕಿ. ನನ್ನ ಜೋಡಿ ಮಾತಾಡಂಗಿಲ್ಲ. ನನ್ನ ಬಗ್ಗೆ ತಮ್ಮತಮ್ಮೊಳಗ ಮಾತಾಡತಾರ. 'ನೋಡು, ನೀರು ಕುಡದ. ನೋಡು, ಬಾಯಿ ಒರಸಿಕೊಂಡ. ಈಗ ಅವಗ ಹೇಳ್ಲಿಕ್ಕೆ ಹತ್ಯಾನ ನೋಡು.' ಇಪ್ಪತ್ತೆರಡು ವರ್ಷದವ ಇದ್ದಾಗಿಂದ ಇದ್ದಾರ."

ನನ್ನ ಬಾಯಿಂದ ಬಂದದ್ದು ಕಂಪೌಂಡರನ ಮಾತು. "ಬಿಸಲಾಗ ತಿರಗಿ ಪಿತ್ತ ಏರೇತ್ರಿ. ಲಿಂಬಿಹಣ್ಣಿನ ಪಾನಕಾ ಮಾಡಿಸಿಕೊಂಡ ಕುಡೀರಿ."

ಅವರು ನಕ್ಕರು. ನಿಜವಾಗಿಯೂ ನಕ್ಕರು. "ಮುದುಕಿ ಏನಂದ್ಲು ಗೊತ್ತದೇನು? ಇಂವಗೇನೂ ತಿಳಿಯಂಗಿಲ್ಲ ಅಂದ್ಲು."

ಮುದುಕಿ ಹೇಳಿದ್ದು ಸುಳ್ಳಲ್ಲ.

ಅವರು ಕುಡಿಯುತ್ತಾರೆಂಬುದು ಅದಕ್ಕೂ ಮೊದಲೇ ನನಗೆ ಗೊತ್ತಾಗಿತ್ತು. ದವಾಖಾನೆಯಲ್ಲಿ ಕೆಲಸ ಮಾಡುವವನ ಮೂಗು ಎಲ್ಲ ವಾಸನೆಯನ್ನೂ ಬೇರೆಬೇರೆ ಮಾಡುತ್ತದೆ. ಸಂಜೆ ಊರ ಹೊರಗಿನ ದಾರೂ ಅಂಗಡಿಯ ಹಿಂದಿನ ದಾರಿಯಿಂದ ಮನೆಗೆ ಹೋಗುತ್ತಿದ್ದರು. ಜನಿವಾರ ಹಾಕಿದವರು ಕುಡಿಯುವುದೆಂದರೆ ಆಗ ಸಣ್ಣ ಮಾತಲ್ಲ. ಅಣ್ಣತಮ್ಮಂದಿರು ಬರುವುದು ಬಿಟ್ಟಿದ್ದರು. ಒಮ್ಮೆ ನಾನು, "ಯಾಕ್ರಿ ಇದು?" ಎಂದು ಕೇಳಿಯೇಬಿಟ್ಟೆ.

"ಕುಡದ್ರ ಆ ಮೂರೂ ಮಂದಿ ಎದ್ದು ಬಾಜೂ ಮನಿಗೆ ಹೋಗತಾರ್ರಿ. ಮಾತು ಕೇಳಸ್ತದ, ಏನಂತ ತಿಳಿಯಂಗಿಲ್ಲ. ಅಷ್ಟ ಸಾಕು ನನಗ."

ಹಾಗೆ ಅವರ ಎರಡು ಕಷ್ಟಗಳು ನನಗೆ ಗೊತ್ತಿದ್ದವು. ಎರಡಕ್ಕೂ ಒಂದೊಂದು ಹೆಸರಿತ್ತು. ಊರವರು ಹಿಂದಿನಿಂದ ಆ ಹೆಸರುಗಳನ್ನು ಹೇಳುತ್ತಲೂ ಇದ್ದರು. ಮೂರನೆಯದನ್ನೂ ನಾನು ಆಗಲೇ ಕಂಡಿದ್ದೆ, ಕಂಡದ್ದು ಗೊತ್ತಾಗಲಿಲ್ಲ. ಕಿತ್ತೂರಿನಲ್ಲಿ ಎರಡು ದಿನದ ಕ್ಯಾಂಪು ಮುಗಿಸಿ ಹಾಳು ಕೋಟೆಯೊಳಗೆ ಹೋಗಿ ಕುಳಿತಿದ್ದೆವು. ನಾನು ಎಲೆಅಡಿಕೆ ಹಾಕಿಕೊಂಡು ಪಕ್ಕಕ್ಕೆ ತಿರುಗಿದರೆ ಅವರು ಅಳುತ್ತಿದ್ದರು. ಸದ್ದಿಲ್ಲ, ಮುಖದಲ್ಲಿ ಕದಲಿಕೆ ಇಲ್ಲ, ನೀರು ಮಾತ್ರ ಇಳಿಯುತ್ತಿತ್ತು. ಕುಡಿದಿದ್ದಾರೆಂದು ಹತ್ತಿರ ಸರಿದು ವಾಸನೆ ನೋಡಿದೆ. ಇರಲಿಲ್ಲ.

"ಆ ಮೂರ ಮಂದಿ ಏನರ ಅಂದ್ರೇನ್ರಿ?" ಎಂದೆ.

"ಇಲ್ಲ. ಮುಂಜಾನಿಂದ ಸುಮ್ಮನ ಇದ್ದಾರ. ಸುಮ್ಮನ ಅಳು ಬರ್ಲಿಕ್ಕೆ ಹತ್ತದ, ನೋಡ್ರಿ. ಕಾರಣ ಏನೂ ಇಲ್ಲ."

ಕಾರಣವಿಲ್ಲದ್ದು ಹೆಚ್ಚು ದಿನ ಇರಲಾರದು ಎಂದು ನಾನು ಎದ್ದು ನಿಂತು ಪಂಚೆ ಝಾಡಿಸಿದೆ. ಬಸ್ಸಿನ ಹೊತ್ತಾಗಿತ್ತು.

ಆಮೇಲೆ ಮುಂಬಯಿ ಸರಕಾರದ ದಾರೂಬಂದಿ ಕಾಯ್ದೆ ಬಂತು. ನಮ್ಮೂರ ಅಂಗಡಿಗೂ ಬೀಗ ಬಿತ್ತು. ಸಾಲೆಯ ಮಕ್ಕಳು ಮೆರವಣಿಗೆ ಹೋದರು. ಇವರು ದವಾಖಾನೆಯ ಬಾಗಿಲಲ್ಲಿ ನಿಂತು ನೋಡಿ, "ಛಲೋ ಆತು. ನನ್ನಿಂದ ಆಗದ್ದನ್ನ ಸರಕಾರ ಮಾಡ್ತು" ಎಂದರು. ನಾಲ್ಕನೇ ದಿನ ಮಧ್ಯಾಹ್ನ, ಡಾಕ್ಟರು ಊಟಕ್ಕೆ ಹೋದ ಹೊತ್ತು ನೋಡಿಕೊಂಡು, ಔಷಧದ ಕೋಣೆಗೆ ಬಂದರು. ಎರಡೂ ಕೈ ಮುಂದೆ ಚಾಚಿದರು. ಆ ಕೈಗಳು ಎಲೆಗಳ ಹಾಗೆ ನಡುಗುತ್ತಿದ್ದವು.

"ನಾಳೆ ಯಕ್ಕುಂಡಿ ಕಡೆ ಹೋಗಬೇಕು. ಈ ಕೈಲೆ ಕೂಸುಗಳ ತೋಳು ಹೆಂಗ ಹಿಡೀಲಿ? ಒಂದ ಔನ್ಸ್ ಸ್ಪಿರಿಟ್ ಕೊಡ್ರಿ. ನೀರು ಹಾಕಿ ಕುಡೀತೇನಿ. ನಾಳೆ ಒಂದ ದಿನ."

ಸ್ಪಿರಿಟ್ ಕಪಾಟಿನ ಕೀಲಿ ನನ್ನ ಉಡದಾರದಲ್ಲಿತ್ತು. ನಾನು ಅದರ ಮೇಲೆ ಕೈಯಿಟ್ಟುಕೊಂಡು, "ಅದೊಂದ ಬ್ಯಾಡ್ರಿ. ನೌಕರಿ ಹೊಕ್ಕೈತಿ, ನಂದೂ, ನಿಮ್ದೂ" ಎಂದೆ. ನರ ತಣಿಸುವ ಬ್ರೋಮೈಡ್ ಮಿಕ್ಸ್ಚರ್ ಮಾಡಿ ಕೊಟ್ಟೆ. ಅವರು ನಿಂತಲ್ಲೇ ಕುಡಿದು, ಗ್ಲಾಸು ತೊಳೆದಿಟ್ಟು, "ಉಪಕಾರಾತು" ಎಂದು ಹೋದರು. ನಾನು ಮಾಡಿದ್ದು ತಪ್ಪೋ ಸರಿಯೋ ಇಂದಿಗೂ ತಿಳಿಯದು. ತಿಂಗಳೊಳಗೆ ಅವರಿಗೆ ಹಳ್ಳದ ದಂಡೆಯಲ್ಲಿ ಕದ್ದು ದಾರೂ ಕಾಸುವವರ ಗುರುತು ಹತ್ತಿತು. ಅದು ಅಂಗಡಿಯದಕ್ಕಿಂತ ಕೆಟ್ಟದ್ದು. ಅದನ್ನು ಕುಡಿದರೆ ಮೂರು ಮಂದಿ ಬಾಜೂ ಮನೆಗೆ ಹೋಗುತ್ತಿರಲಿಲ್ಲ; ಮರುದಿನ ಇನ್ನೂ ಹತ್ತಿರ ಬಂದು ಕೂರುತ್ತಿದ್ದರು.

ದಾರೂಬಂದಿಯ ಎರಡನೇ ವರ್ಷ ಅದು ಆಯಿತು. ಮಲಪ್ರಭೆಯ ದಂಡೆಯ ಒಂದು ಸಣ್ಣ ಊರಿಗೆ ದೇವಿ ಹಾಕಲು ಹೊರಟಿದ್ದಾರೆ. ದಾರಿಯಲ್ಲಿ ಮುದುಕಿ, "ಅದು ವಿಷ. ಇಂವ ಕೂಸುಗಳಿಗೆ ವಿಷ ಹಾಕ್ಲಿಕ್ಕೆ ಹೊಂಟಾನ" ಎಂದಳಂತೆ. ಗಂಡಸರಿಬ್ಬರೂ ಹೌದೆಂದರಂತೆ. ಇವರು ಸೈಕಲ್ ಇಳಿದು, ತಂಬಿಗೆಯ ಬಟ್ಟೆ ಬಿಚ್ಚಿ, ನಳಿಗೆಗಳನ್ನೆಲ್ಲ ಕಲ್ಲಿನ ಮೇಲೆ ಒಡೆದು, ಮಣ್ಣು ಮುಚ್ಚಿ ತಿರುಗಿ ಬಂದರು. ಬಂದು ತಾವಾಗಿಯೇ ಡಾಕ್ಟರಿಗೆ ಹೇಳಿದರು. ಡಾಕ್ಟರು ಧಾರವಾಡದ ಕಡೆಯವರು, ಸಿಟ್ಟು ಬಂದರೆ ಕನ್ನಡಕ ತೆಗೆದು ಒರೆಸುವ ಮನುಷ್ಯ. ಒರೆಸಿದರು, ಬೆಳಗಾವಿಗೆ ಬೇರೆ ಲಸಿಕೆಗೆ ಬರೆದರು. ಅದು ಬರುವುದರೊಳಗೆ ಆ ಊರಿಗೆ ದೇವಿ ಬಂತು. ಐದು ವರ್ಷದ ಒಂದು ಹುಡುಗಿ ಹೋಯಿತು.

ಇವರು ಆ ಮನೆಯ ಮುಂದೆ ಹೋಗಿ ಕುಳಿತರು. ಮನೆಯವರಿಗೆ ಏನೂ ತಿಳಿಯಲಿಲ್ಲ. ಸರಕಾರದವರು ವಿಚಾರಣೆಗೆ ಬಂದಿದ್ದಾರೆಂದು ನೀರು ಕೊಟ್ಟರು, ಚಾಪೆ ಹಾಸಿದರು. ಇವರು ಚಾಪೆಯ ಮೇಲೆ ಕೂರಲಿಲ್ಲ. ಅಲ್ಲಿಂದ ಎದ್ದವರು ಮನೆಗೆ ಬರಲಿಲ್ಲ. ಎಂಟು ದಿನದ ಮೇಲೆ ಜೋಳದ ಹೊಲವೊಂದರಲ್ಲಿ ಸಿಕ್ಕರು. ಮೈತುಂಬ ಮಣ್ಣು, ಬಾಯಿತುಂಬ ಆ ದಾರೂ ವಾಸನೆ, ನಡುನಡುವೆ ಮೂವರಿಗೂ ಉತ್ತರ ಕೊಡುವುದು. ಡಾಕ್ಟರು ಧಾರವಾಡದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು.

ಬಸ್ಸಿನಲ್ಲಿ ಕರೆದುಕೊಂಡು ಹೋದವರು ಅವರ ಹೆಂಡತಿ ಮತ್ತು ನಾನು. ಆ ತಾಯಿಯನ್ನು ನಾನು ಅತ್ತಿಗೆಯೆಂಬಂತೆ ವೈನಿ ಎನ್ನುತ್ತಿದ್ದೆ. ದಾರಿಯುದ್ದಕ್ಕೂ ಸೆರಗಿನ ತುದಿಯಿಂದ ಗಂಡನ ಕೋಟಿನ ಮಣ್ಣು ಉಜ್ಜುತ್ತಲೇ ಇದ್ದರು. ಕಂಡಕ್ಟರ್ ಮೂರು ಟಿಕೀಟು ಹರಿದುಕೊಟ್ಟು ಹೋದ ಮೇಲೆ ಇವರು ನನ್ನ ಕಿವಿಯ ಹತ್ತಿರ ಬಾಗಿ, "ತಪ್ಪು ಮಾಡಿದ್ರಿ ಕಂಪೌಂಡರ. ಆರು ತಗಸಬೇಕಿತ್ತು" ಎಂದರು. ನನಗೆ ನಗು ಬಂದುಬಿಟ್ಟಿತು. ಅವರಿಗೂ ಬಂತು. ವೈನಿ ನಮ್ಮಿಬ್ಬರನ್ನೂ ನೋಡಿ ತಾವೂ ಸ್ವಲ್ಪ ನಕ್ಕರು. ಆ ಬಸ್ಸಿನಲ್ಲಿ ನಾವು ಮೂವರೂ ಒಂದು ಗಳಿಗೆ ನಕ್ಕದ್ದು ನಿಜ. ಅದಾದ ಮೇಲೆ ಅವರು ನಕ್ಕದ್ದನ್ನು ನಾನು ನೋಡಲಿಲ್ಲ.

ಎಂಟು ತಿಂಗಳು ಅಲ್ಲಿದ್ದರು. ಅಲ್ಲಿಯವರು ಏನೇನು ಕೊಟ್ಟರೋ, ಹೇಗೆ ನೋಡಿಕೊಂಡರೋ, ಗುಣ ಮಾಡಿಯೇ ಕಳಿಸಿದರು. ಮೈ ತುಂಬಿತ್ತು. ಕೈ ನಡುಗುತ್ತಿರಲಿಲ್ಲ. ದಾರೂ ಬಿಟ್ಟಿತ್ತು. ಮುರಗೋಡದಲ್ಲಿ ಹಿರಿಯರ ಮನೆಯ ಒಂದು ಭಾಗದಲ್ಲಿ ಸಂಸಾರ ಹೂಡಿದರು. ಕೆಲಸಕ್ಕೆ ಮತ್ತೆ ಬರುವಂತೆ ಡಾಕ್ಟರು ಕಾಗದ ಹಾಕಿದರು. ಬಿಟ್ಟುಹೋಗಿದ್ದ ಬಂಧುಗಳು ಬಂದು ವೈನಿಯವರಿಗೆ, "ನಿನ್ನ ಪುಣ್ಯಾ, ಮನಷ್ಯಾ ನೆಟ್ಟಗಾದ" ಎಂದು ಹೇಳಿ ಊಟ ಮಾಡಿ ಹೋದರು.

ನಾನು ಮೊದಲ ಸಲ ನೋಡಲು ಹೋದಾಗ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದರು. ಗಡ್ಡ ಬೆಳೆದಿತ್ತು. ಮುಂದೆ ಇಟ್ಟ ಚಹಾದ ಮೇಲೆ ಕೆನೆಗಟ್ಟಿತ್ತು. ಮಗಳು, ಏಳೆಂಟು ವರ್ಷದವಳು, ಪಾಟಿಯ ಮೇಲೆ ಏನೋ ಬರೆದು ತಂದು ತೋರಿಸಿದಳು. ಅವರು ಪಾಟಿಯ ಕಡೆ ಮುಖ ಮಾಡಿ, "ಛಲೋ ಅದ" ಎಂದರು. ಕಣ್ಣು ಪಾಟಿಯ ಮೇಲೆ ಇರಲಿಲ್ಲ. ಹುಡುಗಿಗೂ ಅದು ಗೊತ್ತಾಯಿತು. ಅಲ್ಲಿಯೇ ಅಳಿಸಿಕೊಂಡು ಒಳಗೆ ಹೋದಳು.

"ಹೆಂಗದೀರಿ?" ಎಂದೆ. ಅವರು ಕಂಬದಿಂದ ಬೆನ್ನು ಎತ್ತದೆಯೇ ಹೇಳಿದರು.

"ಅವರು ಸುಮ್ಮನಾಗ್ಯಾರ್ರಿ. ಮೂರೂ ಮಂದಿ."

"ಛಲೋ ಆತಲ್ರಿ! ಅದಕ್ಕಿಂತ ಇನ್ನೇನ ಬೇಕು?"

"ಅವರು ಇಂವ ಕೆಟ್ಟವ ಅಂತಿದ್ರು, ಕಡೀಕ ಇಂವ ಕೂಸು ಕೊಂದಾವ ಅಂತಿದ್ರು. ನಾ ಅಲ್ಲ ಅಂತಿದ್ದೆ. ಇಪ್ಪತ್ತು ವರ್ಷ ಅವರ ಜೋಡಿ ಜಗಳಾಡೇನಿ." ಉಸಿರು ತೆಗೆದುಕೊಂಡರು. "ಈಗ ಹಂಗ ಅನ್ನಾವ ನಾನ. ನನ್ನ ಜೋಡಿ ಹೆಂಗ ಜಗಳಾಡಲಿ?"

ನಾನು ಹೇಳಿದ್ದೇನು? ಹಾಲು ತುಪ್ಪ ಉಣ್ಣಿರಿ, ಮಠದ ಕಡೆ ಸಂಜೆ ಅಡ್ಡಾಡಿ ಬರ್ರಿ, ಮನಸ್ಸು ಗಟ್ಟಿ ಮಾಡಿಕೊಳ್ಳಿರಿ. ಅವರು ಪ್ರತಿಯೊಂದಕ್ಕೂ ತಲೆಯಾಡಿಸಿದರು. ಬಡಿಸಿದ್ದನ್ನೆಲ್ಲ ಬೇಡವೆನ್ನದೆ ಎಲೆಯ ಮೇಲೆ ಬಿಟ್ಟೇಳುವ ಅತಿಥಿಯ ಹಾಗೆ.

ವೈನಿ ಬಾಗಿಲತನಕ ಬಂದರು. "ಮುಂಜಾನೆ ನಾಕಕ್ಕ ಎಚ್ಚರಾಗಿ ಹಂಗ ಕೂತಬಿಡತಾರ. ಸ್ನಾನಾ ಮಾಡ್ರಿ ಅಂದ್ರ ಮಾಡತಾರ. ಉಣ್ರಿ ಅಂದ್ರ ಎರಡ ತುತ್ತು. ನೀರು ಕುಡೀಲಿಕ್ಕೂ ನಾ ಹೇಳಬೇಕು. ಮಂದಿ ಎಲ್ಲಾ ಗುಣಾ ಆಗ್ಯಾರ ಅಂತಾರ, ಅಣ್ಣಾ. ಕುಡದ ಬಂದಾಗ ನನ್ನ ಬೈತಿದ್ರು. ಬೈಲಿಕ್ಕಾದ್ರೂ ಮನ್ಯಾಗ ಒಬ್ಬರು ಇದ್ರು."

ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದರು, ಒರೆಸಲಿಲ್ಲ. "ಹುಚ್ಚಿಗೆ ಒಂದು ಆಸ್ಪತ್ರಿ ಅದ. ಕುಡಿತಕ್ಕ ಒಂದು ಕಾಯ್ದೆ ಅದ. ಇದಕ್ಕ ನನ್ನ ಕಡೆ ಏನೂ ಇಲ್ಲಪಾ. ಧಾರವಾಡಕ್ಕ ಮತ್ತ ಬರದು ಕೇಳತೇನಿ." ಬರೆದರು. ಹಿಂದಿನ ಲಕ್ಷಣಗಳು ಮರಳಿದ್ದರೆ ಕರೆತನ್ನಿ ಎಂದು ಉತ್ತರ ಬಂತು. ಹಿಂದಿನ ಲಕ್ಷಣ ಒಂದೂ ಇರಲಿಲ್ಲ. ಅವರಾದರೂ ದೂರದಿಂದ ಇನ್ನೇನು ಹೇಳಬಹುದಿತ್ತು? ಕಬ್ಬಿಣದ ಟಾನಿಕ್ಕಿನ ಬಾಟಲಿ ಕಳಿಸಿದೆವು.

ಆ ವರ್ಷ ಮಳೆಗಾಲಕ್ಕೆ ಸ್ವಲ್ಪ ಮೊದಲು, ನದಿಯ ದಂಡೆಯ ಆ ಊರಿನ ಹೆಂಗಸೊಬ್ಬಳು ಕಿವಿನೋವೆಂದು ದವಾಖಾನೆಗೆ ಬಂದಳು. ಸತ್ತ ಹುಡುಗಿಯ ತಾಯಿ. ಎಣ್ಣೆ ಬಿಡುತ್ತ ಮಾತಿಗೆಳೆದೆ. "ದೇವಿ ಹಾಕವ್ರು ಆವತ್ತ ನಿಮ್ಮೂರಿಗೆ ಬಂದಿದ್ದರ ಹುಡುಗಿ ಉಳೀತಿತ್ತೇನೊ" ಎಂದೆ. ಹಾಗೆ ಹೇಳಬಾರದಿತ್ತು. ಆದರೆ ಅವಳು ಸೆರಗು ಬಾಯಿಗಿಟ್ಟು ಹೇಳಿದ್ದನ್ನು ಕೇಳಿ ನನ್ನ ಕೈ ನಿಂತಿತು.

"ಎಲ್ಲೀದ್ರೀ ಎಪ್ಪಾ. ದೇವಿ ಹಾಕವ್ರು ಬರತಾರಂತ ಡಂಗುರಾ ಸಾರಿದ್ರು. ನಾ ಹೆದರಿ ಹಿಂದಿನ ದಿನಾನ ಅದನ್ನ ನನ್ನ ತವರಮನಿಗೆ ಕಳಿಸಿಬಿಟ್ಟಿದ್ದೆ. ಅವರು ಬಂದಿದ್ರೂ ಹುಡುಗಿ ಊರಾಗ ಇರಲಿಲ್ಲ. ಅವರು ಬರಲಿಲ್ಲಂತ ತಿಳದ ಮ್ಯಾಲ ತಿರುಗಿ ಕರಕೊಂಡ ಬಂದೆ."

ಅಂದರೆ ಅವರು ನಳಿಗೆ ಒಡೆದದ್ದಕ್ಕೂ ಆ ಸಾವಿಗೂ ಸಂಬಂಧವೇ ಇರಲಿಲ್ಲ. ಒಡೆಯದೆ ಹೋಗಿದ್ದರೂ ಆ ತೋಳು ಅವರಿಗೆ ಸಿಗುತ್ತಿರಲಿಲ್ಲ. ನಾನು ಡಾಕ್ಟರಿಗೆ ಹೇಳಿ ಅರ್ಧ ದಿನದ ರಜೆ ಪಡೆದು ಸೈಕಲ್ ಹತ್ತಿದೆ. ಮುರಗೋಡದ ತನಕ ಎಲ್ಲಿಯೂ ಇಳಿಯಲಿಲ್ಲ. ಇಷ್ಟು ವರ್ಷ ಮಿಕ್ಸ್ಚರು ಕಲೆಸಿದ ನನಗೆ ಒಮ್ಮೆಯಾದರೂ ನಿಜವಾದ ಔಷಧ ಸಿಕ್ಕಿತೆಂದು ಎದೆ ಹಿಗ್ಗಿತ್ತು.

ಪಡಸಾಲೆಯಲ್ಲಿ ಅದೇ ಕಂಬಕ್ಕೆ ಒರಗಿದ್ದರು. ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದೆ. ವೈನಿ ಒಳಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದರು, ಕೇಳುತ್ತ ಕೇಳುತ್ತ ಅಳತೊಡಗಿದರು.

"ಹೌದೇನ್ರಿ?" ಎಂದರು ಅವರು.

"ಹೌದ್ರಿ. ಆಕಿ ಬಾಯಿಲೆ ಕೇಳೇನಿ. ನಿಮ್ಮ ತಪ್ಪ ಇಲ್ಲರಿ. ಇರಲೇ ಇಲ್ಲ."

ನಾನು ಅವರ ಮುಖದಲ್ಲಿ ಏನಾದರೂ ಏಳುತ್ತದೆಂದು ನೋಡುತ್ತಲೇ ಇದ್ದೆ.

"ಈ ಮಾತು ಮತ್ತ ಆ ತಾಯಿ ಮುಂದ ಆಡಬ್ಯಾಡ್ರಿ. ತಾನ ಕೂಸಿನ್ನ ಕಳಕೊಂಡೆ ಅಂತ ತಿಳಕೊಂಡಾಳು." ಮತ್ತೆ ತಡೆದು, ಬೇಸರವಿಲ್ಲದೆ, ನನ್ನ ಮೇಲೆ ಕರುಣೆಯಿಂದಲೇ ಎನ್ನಬೇಕು, ಹೇಳಿದರು. "ನೀವು ಬಿಸಲಾಗ ಇಷ್ಟ ದೂರ ಬಂದ್ರಿ. ಆದ್ರ ನನಗಾಗಿದ್ದು ಆ ಕೂಸಿನಿಂದ ಹತ್ತಿದ್ದಲ್ಲರಿ. ಒಳಗ ಹಿಂಗ ಯಾಕದ ಅಂತ ನಾ ಒಂದು ಕಾರಣಾ ಇಟ್ಟುಕೊಂಡಿದ್ದೆ. ಈಗ ಅದೂ ಹೋತು."

ವೈನಿ ಅಳುವುದನ್ನು ನಿಲ್ಲಿಸಿದರು. ನಾನು ಬಂದ ದಾರಿಯಲ್ಲೇ ತಿರುಗಿ ಹೋದೆ. ಈ ಸಲ ಎರಡು ಕಡೆ ಇಳಿದು ಕುಳಿತೆ.

ಹದಿನೈದು ದಿನಕ್ಕೆ ವೈನಿ ತಾವೇ ನಮ್ಮ ದವಾಖಾನೆಗೆ ಬಂದರು. ಒಬ್ಬರೇ, ಬಸ್ಸಿನಲ್ಲಿ. ಡಾಕ್ಟರನ್ನು ನೋಡಲು ಬಂದಿರಲಿಲ್ಲ. ಔಷಧದ ಕೋಣೆಯ ಕಿಟಕಿಯ ಹತ್ತಿರ ನಿಂತು, ತಲೆಯ ಮೇಲಿನ ಸೆರಗು ಇನ್ನೂ ಮುಂದೆ ಎಳೆದುಕೊಂಡು, ಅವರು ಕೇಳಿದ್ದನ್ನು ನಾನು ಎರಡನೇ ಸಲ ಹೇಳಿಸಿಕೊಳ್ಳಬೇಕಾಯಿತು.

"ಸ್ವಲ್ಪ ಕುಡೀಲಿಕ್ಕೆ ಸಿಗತದೇನು ಅಣ್ಣಾ? ಅವರಿಗೆ. ಕುಡದಾಗ ಮಾತರ ಆಡತಿದ್ರು. ಬೈಲಿ, ಹೊಡೀಲಿ, ಕೂಗ್ಯಾಡಲಿ. ನಾನ ನನ್ನ ಕೈಯಾರೆ ಕೊಡತೇನಿ."

ಪುರಾಣ ಹೇಳುವವರ ಮನೆಯ ಸೊಸೆ. ಮನೆಯಲ್ಲಿ ಉಳ್ಳಾಗಡ್ಡಿ ಕೂಡ ಹಾಯಿಸದವರು.

ಅಂದು ನನ್ನ ಕೈ ಕೀಲಿಯ ಮೇಲೆ ಹೋಯಿತು, ಮುಚ್ಚಿಕೊಳ್ಳಲು ಅಲ್ಲ. ಎರಡು ಔನ್ಸ್ ಅಳೆದು, ನೀರು ಬೆರೆಸಿ, ಒಂದು ಕೆಮ್ಮಿನ ಔಷಧದ ಬಾಟಲಿಗೆ ಹಾಕಿದೆ. ಕೈಗೆ ಕೊಡಲು ಮನಸ್ಸಾಗದೆ ಅವರ ಜೊತೆಗೆ ನಾನೇ ಹೋದೆ. ಇದು ಕಾಯ್ದೆಗೆ ವಿರುದ್ಧ, ವೈದ್ಯಕ್ಕೆ ವಿರುದ್ಧ ಎಂದು ಗೊತ್ತಿತ್ತು. ಗೊತ್ತಿದ್ದೂ ಹೋದೆ.

ಅವರು ಬಾಟಲಿಯನ್ನು ಕೈಯಲ್ಲಿ ಹಿಡಿದು, ಬೂಚು ತೆಗೆದು ಮೂಸಿ ನೋಡಿದರು. ನನ್ನ ಕಡೆ ನೋಡಿದರು. ಆಮೇಲೆ ಹೆಂಡತಿಯ ಕಡೆ. ಆ ನೋಟದಲ್ಲಿ ಬಹಳ ದಿನಗಳ ಮೇಲೆ ಒಬ್ಬ ಮನುಷ್ಯ ಕಂಡ.

"ಇದನ್ನ ಕೇಳ್ಲಿಕ್ಕೆ ನೀ ಹೋಗಿದ್ದೇನು?" ಎಂದು ಹೆಂಡತಿಯನ್ನು ಕೇಳಿದರು. ವೈನಿ ತಲೆ ತಗ್ಗಿಸಿದರು. "ಬ್ಯಾಡ. ಕುಡದ್ರ ಆ ಮೂರ ಮಂದಿ ಬರತಾರ. ಬಂದ್ರ ನಿನಗ ತ್ರಾಸು. ಕುಡೀಲಿಲ್ಲಂದ್ರ ನಾ ಒಬ್ಬನ. ಒಬ್ಬನ ಇದ್ರ ತ್ರಾಸು ನನಗಷ್ಟ." ಬೂಚು ಹಾಕಿ ಬಾಟಲಿಯನ್ನು ನನ್ನ ಕೈಗೆ ಕೊಟ್ಟು, "ಕಂಪೌಂಡರ, ನಿಮ್ಮ ನೌಕರಿ ನೋಡಕೋರಿ" ಎಂದರು.

ನಮ್ಮ ಹತ್ತಿರ ಕೊಡಲು ಇದ್ದ ಕೊನೆಯದು ಅದೇ ಆಗಿತ್ತು. ಅವರು ಅದನ್ನೂ ಮರಳಿಸಿದರು, ನಮ್ಮ ಸಲುವಾಗಿ.

ಶ್ರಾವಣದಲ್ಲಿ ಅವರಿಗೆ ಜ್ವರ ಬಂತು. ಡಾಕ್ಟರು ಮುರಗೋಡಕ್ಕೆ ತಾವೇ ಬಂದರು. ಎದೆಯಲ್ಲಿ ಸ್ವಲ್ಪ ಕಫ, ಅಷ್ಟೇ. ಪೆನಿಸಿಲಿನ್ ಆಗ ನಮಗೂ ಸಿಗುತ್ತಿತ್ತು. ನಾನು ಅಲ್ಲಿಯೇ ಉಳಿದು ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಕೊಟ್ಟೆ. ಗೀರುಗಳ ಆ ತೋಳು ಬಿಟ್ಟು ಇನ್ನೊಂದಕ್ಕೆ. ಮೂರನೇ ದಿನ ಜ್ವರ ಪೂರ್ತಿ ಇಳಿಯಿತು. ಅವರು ಏಳಲಿಲ್ಲ. ವೈನಿ ಗಂಜಿ ಬಾಯಿಗಿಟ್ಟರೆ ನುಂಗುವರು, ನಾಲ್ಕನೇ ಚಮಚಕ್ಕೆ ಮುಖ ಗೋಡೆಗೆ ತಿರುಗಿಸುವರು. ಸಿಟ್ಟಿಲ್ಲ, ಹಟವಿಲ್ಲ, ದಣಿದವರು ತಿರುಗುವ ಹಾಗೆ. ಡಾಕ್ಟರು ಮತ್ತೆ ಬಂದು ನಾಡಿ ಹಿಡಿದು, ಅಂಗಳಕ್ಕೆ ಬಂದು ನನಗೆ ಹೇಳಿದರು. "ಈ ಜ್ವರದಿಂದ ಮಂದಿ ಸಾಯಂಗಿಲ್ಲಪಾ." ನನ್ನನ್ನು ಕೇಳುತ್ತಿದ್ದರೋ ಹೇಳುತ್ತಿದ್ದರೋ ತಿಳಿಯಲಿಲ್ಲ.

ಏಳನೇ ದಿನ ಬೆಳಗಿನ ಹೊತ್ತು ಅವರು ಹೋದರು. ವೈನಿ ಹಿತ್ತಲಿಗೆ ನೀರಿಗೆ ಹೋಗಿದ್ದರು. ಹತ್ತಿರ ಇದ್ದವನು ನಾನೊಬ್ಬನೇ. ಏನೂ ಹೇಳಲಿಲ್ಲ. ಹೇಳಲು ಪ್ರಯತ್ನ ಮಾಡಲೂ ಇಲ್ಲ.

ಮಾತಾಡಿಸಲು ಬಂದವರು ಹತ್ತು ತರಹ ಹೇಳಿದರು. ದಾರೂ ಕುಡಿದು ಕರುಳು ಸುಟ್ಟಿತ್ತು ಎಂದು ಒಬ್ಬರು. ತಲೆಯ ರೋಗ ಒಳಗೇ ಇತ್ತು ಎಂದು ಒಬ್ಬರು. ದೇವಿಯ ಕಾಟ ಎಂದು ಹಳ್ಳಿಯವರು. ಹಿಂದಿನ ಜನ್ಮದ್ದು ಎಂದು ಅವರ ಅಣ್ಣ. ಎಲ್ಲರೂ ವೈನಿಯವರ ಮುಂದೆಯೇ, ಖಚಿತವಾಗಿ, ತಲೆಯಾಡಿಸುತ್ತ ಹೇಳಿದರು.

ಹದಿನಾಲ್ಕನೇ ದಿನ ನಾನು ಹೋದಾಗ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ವೈನಿ ಹೊಸ್ತಿಲ ಒಳಗೆ ಕುಳಿತರು, ನಾನು ಪಡಸಾಲೆಯಲ್ಲಿ. ಅವರೇ ಕೇಳಿದರು.

"ಅಣ್ಣಾ, ಖರೇ ಹೇಳ್ರಿ. ಅವರಿಗೆ ಏನಾಗಿತ್ತು?"

ನಾನು ಕಂಪೌಂಡರ್. ಏನು ಕೇಳಿದರೂ ಏನಾದರೊಂದು ಹೆಸರು ಹೇಳಿ, ಒಂದು ಬಾಟಲಿ ತುಂಬಿ ಕೊಟ್ಟು ರೂಢಿಯಾದವನು. ನಾಲಗೆಯ ತುದಿಗೆ ನಾಲ್ಕೈದು ಹೆಸರು ಬಂದವು ಕೂಡ. ಅವುಗಳಲ್ಲಿ ಒಂದಾದರೂ ಆ ಪಡಸಾಲೆಯಲ್ಲಿ ಕುಳಿತಿದ್ದ ಮನುಷ್ಯನದಾಗಿರಲಿಲ್ಲ.

"ಗೊತ್ತಿಲ್ಲರಿ ವೈನಿ" ಎಂದೆ. "ನನಗ ಗೊತ್ತಾಗಲೇ ಇಲ್ಲ."

ಅವರು ನನ್ನನ್ನು ನೋಡಿದರು. ಹದಿನಾಲ್ಕು ದಿನದಲ್ಲಿ ಮೊದಲ ಸಲ ಅವರ ಮುಖ ಸ್ವಲ್ಪ ಸಡಿಲಾಯಿತು.

"ನೀವೊಬ್ಬರರ ಹಂಗ ಅಂದ್ರಿ. ಬಂದವರೆಲ್ಲಾ ಗೊತ್ತದ, ಗೊತ್ತದ ಅಂತ ಹೇಳಿ ಎದ್ದು ಹೋದ್ರು."

ಹಾಗೆಂದು ಅವರು ಏಳಲಿಲ್ಲ. ನಾನೂ ಏಳಲಿಲ್ಲ.